ಅರವತ್ತರ ಮೇಲೊಂದು ಏರುದಾರಿ



ದತ್ತಿ ಉಪನ್ಯಾಸ ಎಂದರೆ ವಚನವೋ, ದಾಸರ ಪದವೋ, ಗಡಿನಾಡಿನ ಶಾಸನವೋ ಇರುವುದು ರೂಢಿ. ಈ ಸಲ ಹಿರಿಯರ ಆರೋಗ್ಯದ ಬಗ್ಗೆ ಆಗಲಿ ಎಂದು ಇದನ್ನು ಏರ್ಪಡಿಸಿದ ಸಂಘದವರು ಕೇಳಿದರು. ಶುಗರ್, ಬಿಪಿ, ಉಪ್ಪು ಕಡಿಮೆ ಮಾಡಿ, ದಿನಾ ವಾಕಿಂಗ್ ಹೋಗಿ ಎಂಬ ಪಾಠವನ್ನೇ ಮತ್ತೆ ಒಪ್ಪಿಸಲು ನನಗೆ ಮನಸ್ಸಿಲ್ಲ, ನಿಮಗೂ ಅದು ಬಾಯಿಪಾಠವಾಗಿಹೋಗಿದೆ. ಹಾಗಾಗಿ ಒಂದು ಗಾಡಿಯ ಬಗ್ಗೆ ಮಾತಾಡುತ್ತೇನೆ. ಗುಡ್ಡದ ಹಾದಿ, ಮಣ್ಣುದಾರಿಗಳಲ್ಲಿ ಓಡಿಸಲೆಂದೇ ಮಾಡಿದ ದಪ್ಪ ಟೈರಿನ ಮೌಂಟನ್ ಬೈಕು. ಅದಕ್ಕೊಂದು ಪುಟ್ಟ ಮೋಟರು, ಒಂದು ಬ್ಯಾಟರಿ. ಅರವತ್ತು ದಾಟಿದ ಮೈಗೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಇವತ್ತಿನ ವಿಷಯ.

ನನ್ನ ದುಡಿಮೆಯ ಬಹುಕಾಲ ಕಳೆದದ್ದು ಈ ಹೊಸೂರಿನ ಒಂದು ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ, ವೈದ್ಯನಾಗಿ. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಎದ್ದು, 1980ರಲ್ಲಿ ಅಶೋಕ್ ಲೇಲ್ಯಾಂಡು, ಅದೇ ವರ್ಷ ಟಿವಿಎಸ್ ಮೊಪೆಡ್ಡು, ಆ ದಶಕದ ನಡುವಿನಲ್ಲಿ ಟೈಟಾನ್ ವಾಚು ಅಂತ ಒಂದೊಂದೇ ಶುರುವಾದಾಗ ಈ ಊರಿಗೆ ಬಂದವರೆಲ್ಲ ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಐಟಿಐ ಮುಗಿಸಿದವರು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುತ್ತಿದ್ದವರು. ಅವರಿಗೆಲ್ಲ ಒಟ್ಟಿಗೇ ವಯಸ್ಸಾಗಿದೆ. ಒಂದು ಊರಿನಲ್ಲಿ ಒಂದು ಇಡೀ ತಲೆಮಾರು ಹೀಗೆ ಜೊತೆಯಾಗಿ ನಿವೃತ್ತಿಯಾಗುವುದು ಹಳ್ಳಿಗಳಲ್ಲಿ ನಡೆಯುವಂಥದ್ದಲ್ಲ. ಆಗ ಶಿಫ್ಟಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದ ಕಾಲುಗಳು ಆಮೇಲೆ ಮೊಪೆಡ್ಡಿಗೆ, ಸ್ಕೂಟರಿಗೆ, ಕಂಪನಿ ಬಸ್ಸಿಗೆ ಹೋದವು. ಈಗ ಬೆಳಿಗ್ಗೆ ಹಾಲಿಗೂ ಸ್ಕೂಟಿ. ವರ್ಷದ ತಪಾಸಣೆಯ ಕಾರ್ಡುಗಳಲ್ಲಿ ಆ ಬದಲಾವಣೆಯನ್ನು ನಾನು ಓದಿದ್ದೇನೆ: ತೂಕದ ಅಂಕಣ ಮೇಲಕ್ಕೆ, ಮೆಟ್ಟಿಲು ಹತ್ತುವ ಶಕ್ತಿ ಕೆಳಕ್ಕೆ.

ಮೊಪೆಡ್ಡಿನ ಹೆಸರು ಬಂತು, ಅಲ್ಲಿ ಸ್ವಲ್ಪ ನಿಲ್ಲೋಣ. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50 ಗಾಡಿಗೆ ಪೆಡಲ್ ಇತ್ತು. ನಿಮ್ಮಲ್ಲಿ ಅನೇಕರು ಅದನ್ನು ತುಳಿದೇ ಸ್ಟಾರ್ಟ್ ಮಾಡಿದವರು. ಹಿಂದೆ ಹೆಂಡತಿ, ಮುಂದೆ ಮಗು, ಕ್ಯಾರಿಯರಿನಲ್ಲಿ ಅಕ್ಕಿ ಚೀಲ. ಏರಿನಲ್ಲಿ ಎಂಜಿನ್ ತಿಣುಕಿದಾಗ ಸವಾರನೇ ನಾಲ್ಕು ತುಳಿತ ತುಳಿದು ಅದಕ್ಕೆ ಸಹಾಯ ಮಾಡಬೇಕಿತ್ತು. ಆಮೇಲೆ ಎಂಜಿನ್ ಬಲವಾಯಿತು, ಪೆಡಲ್ ಹೋಯಿತು. ಈಗ ಇದೇ ಕೃಷ್ಣಗಿರಿ ಜಿಲ್ಲೆ ದೇಶದ ಕರೆಂಟ್ ಸ್ಕೂಟರಿನ ತವರು. 2020ರಲ್ಲಿ ಟಿವಿಎಸ್ ಐಕ್ಯೂಬ್ ಬಂತು. 2021ರಲ್ಲಿ ಏಥರ್ ಹೊಸೂರಿಗೂ ಓಲಾ ಪೋಚಂಪಳ್ಳಿಗೂ ಬಂದವು. 2023ರಲ್ಲಿ ಶೂಲಗಿರಿಯಲ್ಲಿ ಸಿಂಪಲ್ ಎನರ್ಜಿ. ಲಕ್ಷಗಟ್ಟಲೆ ಗಾಡಿ, ಒಂದಕ್ಕೂ ಪೆಡಲ್ ಇಲ್ಲ. ತಮಾಷೆ ಎಂದರೆ, ನಮ್ಮ ಟಿವಿಎಸ್‌ನವರೇ 2021ರಲ್ಲಿ ಸ್ವಿಟ್ಜರ್ಲೆಂಡಿನ ಇಗೋ ಮೂವ್‌ಮೆಂಟ್ ಎಂಬ ಇ-ಸೈಕಲ್ ಕಂಪನಿಯ, 2022ರಲ್ಲಿ ಸ್ವಿಸ್ ಇ-ಮೊಬಿಲಿಟಿ ಗ್ರೂಪಿನ ಬಹುಪಾಲು ಶೇರು ಕೊಂಡರು. ಆಲ್ಪ್ಸ್ ತಪ್ಪಲಿನ ಅಜ್ಜಂದಿರು ಪೆಡಲ್ ತುಳಿಯಲು ಹೊಸೂರಿನ ಹಣ ಹೋಯಿತು, ಹೊಸೂರಿನ ಅಜ್ಜಂದಿರಿಗೆ ಕಾಲು ಇಟ್ಟುಕೊಂಡು ಕೂರುವ ಹಲಗೆ ಉಳಿಯಿತು.

ಇವತ್ತಿನ ಇ-ಸೈಕಲ್ ಟಿವಿಎಸ್ 50ರ ಲೆಕ್ಕವನ್ನು ತಿರುವುಮುರುವು ಮಾಡಿದ ಗಾಡಿ. ಆಗ ಎಂಜಿನ್ನಿಗೆ ಮನುಷ್ಯ ಸಹಾಯ ಮಾಡುತ್ತಿದ್ದ, ಈಗ ಮನುಷ್ಯನಿಗೆ ಮೋಟರು ಮಾಡುತ್ತದೆ. ಎತ್ತಿನ ಗಾಡಿ ದಿಣ್ಣೆಗೆ ಬಂದಾಗ ಹಿಂದಿನಿಂದ ಒಬ್ಬ ಹೆಗಲು ಕೊಡುತ್ತಿದ್ದನಲ್ಲ, ಅಷ್ಟು, ಎಳೆಯುವುದು ಎತ್ತೇ. ಈ ಯೋಚನೆಯನ್ನು ಮೊದಲು ಮಾರುಕಟ್ಟೆಗೆ ತಂದವರು ಜಪಾನಿನ ಯಮಾಹಾದವರು, 1993ರಲ್ಲಿ, ಪಾಸ್ ಎಂಬ ಹೆಸರಿನಲ್ಲಿ. ಮುದುಕರು ಹೆಚ್ಚು, ಏರಿಳಿತದ ಓಣಿ ಹೆಚ್ಚು ಇರುವ ದೇಶದಲ್ಲಿ ಅದು ಹುಟ್ಟಿದ್ದು ಸಹಜವೇ. ಚಪ್ಪಟೆ ನಾಡಾದ ನೆದರ್‌ಲ್ಯಾಂಡ್ಸಿನಲ್ಲೂ ಈಗ ಮಾರಾಟವಾಗುವ ಹೊಸ ಸೈಕಲ್ಲುಗಳಲ್ಲಿ ಸುಮಾರು ಅರ್ಧ ಬ್ಯಾಟರಿಯವೇ. ನಮ್ಮಲ್ಲಿ 2019ರಲ್ಲಿ ಹೀರೋ ಸೈಕಲ್ಸ್‌ನವರು ಯಮಾಹಾ ಮೋಟರು ಕೂರಿಸಿ ಒಂದು ಇ-ಮೌಂಟನ್ ಬೈಕನ್ನು ತಂದರು. ಬೆಲೆ ಲಕ್ಷ ದಾಟಿತ್ತು. ಅಷ್ಟು ಕೊಟ್ಟು ಸೈಕಲ್ ಯಾರು ಕೊಳ್ಳುತ್ತಾರೆ ಎಂದು ನಕ್ಕವರೇ ಈಗ ಅದಕ್ಕಿಂತ ಹೆಚ್ಚು ಕೊಟ್ಟು ಸ್ಕೂಟರ್ ಕೊಳ್ಳುತ್ತಿದ್ದಾರೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಮೋಟರ್ ಇದ್ದಮೇಲೆ ವ್ಯಾಯಾಮ ಎಲ್ಲಿ ಬಂತು, ಸ್ವಾಮಿ?

ಇದಕ್ಕೆ ಬಾಯಿಮಾತಿನ ಉತ್ತರ ಬೇಡ, ಲೆಕ್ಕ ಹಾಕೋಣ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಐನೂರರ ಆಸುಪಾಸು. ನಡುವಿನ ಐವತ್ತು ಕಿಲೋಮೀಟರಿನಲ್ಲಿ ನೆಲ ನಾನ್ನೂರು ಮೀಟರಿನಷ್ಟು ಜಾರುತ್ತದೆ. ಹೆದ್ದಾರಿಯಲ್ಲಿ ಕಾರಿನಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಹೆದ್ದಾರಿ ಬಿಟ್ಟು ಉದ್ದನಪಳ್ಳಿ, ಕೆಲಮಂಗಲ, ರಾಯಕೋಟೆ ಕಡೆಯ ಹಳ್ಳಿದಾರಿಗೆ ಇಳಿದರೆ ನೆಲ ತನ್ನ ನಿಜರೂಪ ತೋರಿಸುತ್ತದೆ. ಕೆರೆ ಏರಿ, ಹಳ್ಳ, ಮತ್ತೆ ದಿಣ್ಣೆ, ಬಂಡೆ ಸುತ್ತಿ ಹೋಗುವ ಬಂಡಿದಾರಿ. ಇಪ್ಪತ್ತು ಅಡಿ ಹೋದರೆ ಒಂದು ಅಡಿ ಮೇಲೇರುವ ಒಂದು ಸಾಧಾರಣ ಮಣ್ಣಿನ ದಿಣ್ಣೆಯನ್ನು ತೆಗೆದುಕೊಳ್ಳಿ. ಎಪ್ಪತ್ತು ಕಿಲೋ ತೂಕದ ಮನುಷ್ಯ, ಹದಿನಾಲ್ಕು ಕಿಲೋ ಸಾದಾ ಮೌಂಟನ್ ಬೈಕು, ಗಂಟೆಗೆ ಹತ್ತು ಕಿಲೋಮೀಟರ್ ವೇಗ. ಇದಕ್ಕೆ ಪೆಡಲಿನ ಮೇಲೆ ಹೆಚ್ಚುಕಡಿಮೆ 160 ವ್ಯಾಟ್ ಶಕ್ತಿ ಬೇಕು. ಅಭ್ಯಾಸ ಬಿಟ್ಟ ಅರವತ್ತೈದರ ವ್ಯಕ್ತಿ ಏದುಸಿರಿಲ್ಲದೆ ಅರ್ಧ ತಾಸು ಕೊಡಬಲ್ಲ ಶಕ್ತಿ ಅರವತ್ತರಿಂದ ಎಂಬತ್ತು ವ್ಯಾಟ್. ಅಂದರೆ ಬೇಕಾದದ್ದರ ಅರ್ಧ. ಹಾಗಾದರೆ ನಿಧಾನ ಹೋಗಲಿ ಅನ್ನಬಹುದು. ಗಂಟೆಗೆ ಐದಾರು ಕಿಲೋಮೀಟರಿಗೆ ಇಳಿದರೆ ಮಣ್ಣಿನಲ್ಲಿ ಮುಂಗಾಲಿ ಓಲಾಡಲು ಶುರುವಾಗುತ್ತದೆ, ಕಾಲು ಕೆಳಗೆ ಬರುತ್ತದೆ. ದಿಣ್ಣೆಯ ಅರ್ಧದಲ್ಲಿ ಒಮ್ಮೆ ಕಾಲು ಊರಿದವರು ಮತ್ತೆ ಹತ್ತಿ ಕೂರುವುದು ಕಷ್ಟ. ತಳ್ಳಿಕೊಂಡು ಮೇಲೆ ಬರುತ್ತಾರೆ, ಮಾರನೆಯ ದಿನ ಸೈಕಲ್ಲು ಗೋಡೆಗೆ ಒರಗುತ್ತದೆ.

ಅದೇ ದಿಣ್ಣೆಗೆ ಇ-ಬೈಕಿನಲ್ಲಿ ಬನ್ನಿ. ಗಾಡಿಯ ತೂಕ ಇಪ್ಪತ್ತಮೂರು ಕಿಲೋ, ಆದ್ದರಿಂದ ಬೇಕಾದ ಶಕ್ತಿ 180 ವ್ಯಾಟಿಗೆ ಏರಿತು. ಅದರಲ್ಲಿ ನೂರು ಮೋಟರಿನದು, ಎಂಬತ್ತು ನಿಮ್ಮದು. ಗಮನಿಸಿ: ನಿಮ್ಮ ಎಂಬತ್ತು ಎಂಬತ್ತಾಗಿಯೇ ಉಳಿಯಿತು. ನೀವು ಸೋಮಾರಿಯಾಗಲಿಲ್ಲ. ನಿಮ್ಮ ಕೈಲಾಗದ ನೂರನ್ನು ಮಾತ್ರ ಬೇರೆಯವರು ಹೊತ್ತರು. ಎದೆ ಬಡಿತ ಹಿತವಾಗಿ ಏರಿತು, ಬೆವರು ಬಂತು, ದಿಣ್ಣೆ ಮುಗಿಯಿತು, ಆಚೆ ಇಳಿಜಾರಿನಲ್ಲಿ ಉಸಿರು ತಹಬಂದಿಗೆ ಬಂತು, ಮುಂದೆ ಇನ್ನೊಂದು ದಿಣ್ಣೆ. ಬಲವಾಗಿ ಒಂದಿಷ್ಟು ಹೊತ್ತು, ಹಗುರಾಗಿ ಒಂದಿಷ್ಟು ಹೊತ್ತು ಎಂಬ ಈ ಅದಲುಬದಲನ್ನೇ ಜಿಮ್ಮಿನವರು ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಾರೆ. ನಮ್ಮ ಹಳ್ಳಿದಾರಿ ಬಿಟ್ಟಿ ಮಾಡಿಸುತ್ತದೆ. ಒಂದು ಸಾಧಾರಣ 360 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಇಂಥ ಸಹಾಯ ಎರಡೂವರೆ ತಾಸು ಸಿಗುತ್ತದೆ, ಅದನ್ನು ಮತ್ತೆ ತುಂಬಿಸಲು ಅರ್ಧ ಯೂನಿಟ್ ಕರೆಂಟೂ ಬೇಡ.

ಬರೀ ಲೆಕ್ಕ ಸಾಲದು ಎನ್ನುವವರಿಗೆ ಅಳೆದು ನೋಡಿದವರ ಮಾತು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2019ರಲ್ಲಿ 33 ಮಂದಿ ಮೌಂಟನ್ ಬೈಕ್ ಸವಾರರನ್ನು ಒಂದೇ ಗುಡ್ಡದ ಹಾದಿಯಲ್ಲಿ ಸಾದಾ ಬೈಕಿನಲ್ಲಿ ಒಮ್ಮೆ, ಮೋಟರಿನದರಲ್ಲಿ ಒಮ್ಮೆ ಬಿಟ್ಟರು. ಮೋಟರಿನ ಬೈಕಿನಲ್ಲಿ ಎದೆ ಬಡಿತ ಸಾದಾ ಬೈಕಿನ ಶೇ. 94ರಷ್ಟಿತ್ತು. ಆದರೆ ಸವಾರರಿಗೆ ಅಷ್ಟು ದಣಿದೆವು ಅನ್ನಿಸಿಯೇ ಇರಲಿಲ್ಲ. ಅವರು ಮುದುಕರಲ್ಲ, ನುರಿತ ಸವಾರರು ಎಂಬುದನ್ನು ಮುಚ್ಚಿಟ್ಟು ಈ ಅಂಕಿಯನ್ನು ಜಾಹೀರಾತಿಗೆ ಹಾಕುವುದು ಮೋಸ. ನಮಗೆ ಹತ್ತಿರದ್ದು ಕೊಲರಾಡೋ ವಿಶ್ವವಿದ್ಯಾಲಯದ 2016ರ ಪ್ರಯೋಗ: ವ್ಯಾಯಾಮದ ಗಂಧವಿಲ್ಲದ 20 ಜನ ವಾರಕ್ಕೆ ಮೂರು ದಿನ, ಕನಿಷ್ಠ ನಲವತ್ತು ನಿಮಿಷ, ಒಂದು ತಿಂಗಳು ಇ-ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬಂದರು. ತಿಂಗಳ ಕೊನೆಗೆ ಅವರ ಮೈ ಆಮ್ಲಜನಕ ಬಳಸುವ ಶಕ್ತಿ ಹೆಚ್ಚಿತ್ತು, ಗ್ಲೂಕೋಸ್ ಕುಡಿಸಿ ಎರಡು ತಾಸಿನ ಮೇಲೆ ನೋಡಿದ ಶುಗರ್ ಇಳಿದಿತ್ತು. ತಿಂಗಳಿಗೆ ಅಷ್ಟು ಸಿಕ್ಕಿದ್ದು ಸಣ್ಣ ಮಾತಲ್ಲ, ಅದರಲ್ಲೂ ಮನೆಗೊಂದು ಗ್ಲೂಕೋಮೀಟರ್ ಇರುವ ನಮ್ಮ ಊರಿಗೆ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಇಂಗ್ಲೆಂಡಿನ ರೆಡಿಂಗ್ ಮತ್ತು ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದವರು ಸೇರಿ 2019ರಲ್ಲಿ ಪ್ರಕಟಿಸಿದ ಅಧ್ಯಯನ. ಐವತ್ತರಿಂದ 83 ವರ್ಷದವರು, ಎಂಟು ವಾರ, ವಾರಕ್ಕೆ ಮೂರು ಸಲ ಅರ್ಧ ಅರ್ಧ ತಾಸು. ಕೆಲವರು ಸಾದಾ ಸೈಕಲ್ಲಿನಲ್ಲಿ, ಕೆಲವರು ಮೋಟರಿನದರಲ್ಲಿ, ಕೆಲವರು ಸುಮ್ಮನೆ ತಮ್ಮ ಪಾಡಿಗೆ. ಅಳೆದದ್ದು ಮಿದುಳಿನ ಚುರುಕನ್ನು. ತುಳಿದ ಎರಡೂ ಗುಂಪಿನವರಲ್ಲಿ ಅದು ಸುಧಾರಿಸಿತ್ತು. ಮನಸ್ಸಿನ ಗೆಲುವು ಮೋಟರಿನವರಲ್ಲೇ ಹೆಚ್ಚು. ಅದಕ್ಕೆ ನನಗೆ ತೋಚುವ ಕಾರಣ ಇಷ್ಟೇ. ಸಾದಾ ಸೈಕಲ್ಲಿನ ಮುದುಕ ತನ್ನ ಬೀದಿ ಬಿಟ್ಟು ದೂರ ಹೋಗುವುದಿಲ್ಲ, ವಾಪಸು ಬರಲಾಗದಿದ್ದರೆ ಎಂಬ ಅಳುಕು. ಮೋಟರಿನವನು ಕೆಲವರಪಳ್ಳಿ ಅಣೆಕಟ್ಟಿನವರೆಗೆ ಹೋಗಿ, ಹಿನ್ನೀರು ನೋಡಿ, ಟೀ ಕುಡಿದು, ಪರಿಚಯದವರೊಂದಿಗೆ ಹರಟಿ ಬರುತ್ತಾನೆ. ಔಷಧಿ ಚೀಟಿಯಲ್ಲಿ ಬರೆಯಲು ಬಾರದ ಭಾಗ ಇದು. ವಾಕಿಂಗ್ ಮಾಡಿ ಎಂದು ನಾನು ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದೇನೆ. ಮಾಡಿದವರು ಕಡಿಮೆ, ಬಿಟ್ಟವರು ಹೇಳಿದ ಕಾರಣ ಒಂದೇ: ಬೇಜಾರು ಡಾಕ್ಟ್ರೇ.

ಇನ್ನು ಮಂಡಿ. ಈ ಸಭೆಯಲ್ಲಿ ಎದ್ದು ನಿಲ್ಲುವಾಗ ಮುಂದಿನ ಕುರ್ಚಿ ಹಿಡಿಯುವವರೆಷ್ಟು ಜನ ಎಂದು ನಾನು ಕೇಳುವುದಿಲ್ಲ. ಮಂಡಿ ಸವೆದವರಿಗೆ ಸೈಕಲ್ ಒಳ್ಳೆಯದು, ಯಾಕೆಂದರೆ ಮೈಭಾರ ಸೀಟಿನ ಮೇಲಿರುತ್ತದೆ, ಕೀಲು ಸರಾಗ ಸುತ್ತುತ್ತದೆ, ತೊಡೆಯ ಮುಂಭಾಗದ ಸ್ನಾಯು ಬಲಿಯುತ್ತದೆ. ಆ ಸ್ನಾಯುವೇ ಮಂಡಿಯ ಕಾವಲುಗಾರ. ಕೆಡುಕು ಬರುವುದು ಒಂದೇ ಗಳಿಗೆಯಲ್ಲಿ, ನಿಂತಲ್ಲಿಂದ ಏರಿನಲ್ಲಿ ಹೊರಡುವಾಗ. ಪೂರಾ ಮೈಭಾರ ಹಾಕಿ ಪೆಡಲನ್ನು ಒತ್ತುವ ಆ ಮೊದಲ ಎರಡು ಸುತ್ತಿನಲ್ಲಿ ಮಂಡಿಚಿಪ್ಪಿನ ಹಿಂದೆ ಚುರುಕ್ ಅನ್ನುತ್ತದೆ. ಒಳ್ಳೆಯ ಇ-ಬೈಕು ಆ ಎರಡು ಸುತ್ತನ್ನೇ ಹಗುರ ಮಾಡುತ್ತದೆ. ಸೀಟಿನ ಎತ್ತರ ಸರಿಯಿರಬೇಕು: ಪೆಡಲ್ ತೀರ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ನಮ್ಮವರು ಎರಡೂ ಕಾಲು ನೆಲಕ್ಕೆ ತಾಗಲಿ ಎಂದು ಸೀಟನ್ನು ಪಾತಾಳಕ್ಕೆ ಇಳಿಸಿ, ಮಂಡಿಯನ್ನು ಎದೆಗೆ ತಂದುಕೊಂಡು ತುಳಿಯುತ್ತಾರೆ, ಆಮೇಲೆ ಸೈಕಲ್ಲಿನಿಂದ ನೋವು ಬಂತು ಎನ್ನುತ್ತಾರೆ. ಮೌಂಟನ್ ಬೈಕುಗಳಲ್ಲಿ ಕೆಲವಕ್ಕೆ ಹ್ಯಾಂಡಲಿನ ಗುಂಡಿ ಒತ್ತಿದರೆ ಸೀಟು ಇಳಿಯುವ, ಮತ್ತೆ ಒತ್ತಿದರೆ ಏಳುವ ಕಂಬ ಇರುತ್ತದೆ. ವಯಸ್ಸಾದವರಿಗೆ ಹಣ ಹಾಕಲು ಯೋಗ್ಯವಾದ ಒಂದೇ ಒಂದು ಅಲಂಕಾರ ಅದು, ಅಂತ ನನ್ನ ಅಭಿಪ್ರಾಯ.

ಮಣ್ಣುದಾರಿಗೆ ಟಾರು ರಸ್ತೆಗಿಲ್ಲದ ಒಂದು ಗುಣವಿದೆ. ಕಲ್ಲು, ಕುಳಿ, ಮರಳು ಬಂದಾಗ ಮೈ ಎಡಕ್ಕೆ ಬಲಕ್ಕೆ ತೂಗಬೇಕು, ತೋಳು ಹಿಡಿಯಬೇಕು, ಕಣ್ಣು ಹತ್ತು ಮಾರು ಮುಂದೆ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನು ನೆನೆಯಿರಿ: 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ದಣಿವಿನ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಬಲದ ಕೆಲಸ, ಮೂರು ದಿನ ತೂಕ ತಪ್ಪದಂತೆ ಸಮತೋಲ ಕಾಯುವ ಅಭ್ಯಾಸ. ಮೊದಲನೆಯದನ್ನು ಮಣ್ಣುದಾರಿಯ ಸೈಕಲ್ ಚೆನ್ನಾಗಿ ಪೂರೈಸುತ್ತದೆ, ಮೂರನೆಯದನ್ನು ಸ್ವಲ್ಪ ಮಟ್ಟಿಗೆ. ಎಲುಬಿನ ಗಟ್ಟಿತನಕ್ಕೆ ಮಾತ್ರ ಸೈಕಲ್ ಹೆಚ್ಚೇನೂ ಮಾಡುವುದಿಲ್ಲ. ಮೈಭಾರ ಎಲುಬಿನ ಮೇಲೆ ಬೀಳದಿದ್ದರೆ ಎಲುಬು ಗಟ್ಟಿಯಾಗದು. ಅದಕ್ಕೆ ನಡೆಯಲೇಬೇಕು, ಮೆಟ್ಟಿಲು ಹತ್ತಲೇಬೇಕು, ಬಿಂದಿಗೆ ಎತ್ತಲೇಬೇಕು. ಬೆಟ್ಟದ ಮೇಲಿನ ಚಂದ್ರಚೂಡೇಶ್ವರನ ದರ್ಶನಕ್ಕೆ ಮೆಟ್ಟಿಲು ಹತ್ತಿ ಹೋಗುವವರು ಅದನ್ನು ಬಿಡಬೇಡಿ.

ಈಗ ಕಹಿ ಮಾತು. ಅಂಗಡಿಯಲ್ಲಿ ಇ-ಸೈಕಲ್ ಎಂದು ಮಾರುವುದೆಲ್ಲ ನಾನು ಹೇಳಿದ ಗಾಡಿಯಲ್ಲ. ಅಗ್ಗದ ಹಲವಕ್ಕೆ ಸ್ಕೂಟರಿನಂತೆ ಕೈಯಲ್ಲಿ ತಿರುವುವ ಆಕ್ಸಿಲರೇಟರ್ ಇರುತ್ತದೆ. ಮನುಷ್ಯ ಸ್ವಭಾವ ಗೊತ್ತಲ್ಲ, ಎರಡನೆಯ ವಾರಕ್ಕೆ ಪೆಡಲ್ ಬರೀ ಕಾಲಿಡುವ ಜಾಗ. ಇನ್ನು ಕೆಲವಕ್ಕೆ ಪೆಡಲ್ ಸುತ್ತುತ್ತಿದೆಯೋ ಇಲ್ಲವೋ ಎಂದಷ್ಟೇ ನೋಡುವ ಸೆನ್ಸರ್. ಕಾಲು ಸುಮ್ಮನೆ ತಿರುಗಿದರೂ ಮೋಟರು ಪೂರಾ ಎಳೆಯುತ್ತದೆ. ವ್ಯಾಯಾಮ ಬೇಕಾದವರು ಕೇಳಬೇಕಾದದ್ದು ಟಾರ್ಕ್ ಸೆನ್ಸರ್ ಇರುವುದನ್ನು. ನೀವು ಎಷ್ಟು ಬಲ ಒತ್ತಿದಿರೋ ಅದಕ್ಕೆ ತಕ್ಕಷ್ಟೇ ಅದು ಕೂಡಿಸುತ್ತದೆ, ನೀವು ಬಿಟ್ಟರೆ ಅದೂ ಬಿಡುತ್ತದೆ. ಅಂಗಡಿಯವರ ಮಾತು ನಂಬಬೇಡಿ. ಹಿಂಗಾಲಿಯನ್ನು ಎತ್ತಿ ಹಿಡಿಸಿ, ಪೆಡಲನ್ನು ಕೈಯಲ್ಲಿ ಹಗುರಾಗಿ ತಿರುಗಿಸಿ. ಒತ್ತಡವೇ ಇಲ್ಲದೆ ಗಾಲಿ ಭರ್ರೆಂದು ಓಡಿದರೆ ಅದು ಸುತ್ತು ಎಣಿಸುವ ಜಾತಿ. ಕಾನೂನಿನ ಮಾತೂ ಇದೆ. 250 ವ್ಯಾಟಿಗಿಂತ ಕಡಿಮೆ ಬಲ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗ, 60 ಕಿಲೋ ಒಳಗಿನ ತೂಕ ಇದ್ದರೆ ಅದು ಮೋಟರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನೋಂದಣಿ ಬೇಡ. ಆ ಮಿತಿ ದಾಟಿಸಿ ಮೆಕ್ಯಾನಿಕ್ಕಿನಿಂದ ಬಲ ಹೆಚ್ಚಿಸಿಕೊಂಡವರು ಅಪಘಾತವಾದ ದಿನ ವಿಮೆ, ಪೊಲೀಸು ಎಂದು ಅಲೆಯಬೇಕಾಗುತ್ತದೆ.

ಹಾಗೆಂದು ಮಣ್ಣುದಾರಿ ನಿರಪಾಯವೇನಲ್ಲ. ಇ-ಸೈಕಲ್ ಹೆಚ್ಚಿರುವ ನೆದರ್‌ಲ್ಯಾಂಡ್ಸಿನಿಂದ ಬರುವ ಪಾಠ ಏನೆಂದರೆ, ಹಿರಿಯರು ಬೀಳುವುದು ವೇಗದಲ್ಲಿ ಮಾತ್ರವಲ್ಲ, ಹತ್ತುವಾಗ, ಇಳಿಯುವಾಗಲೂ. ಗಾಡಿ ಭಾರ, ಕಾಲು ಎತ್ತಿ ಹಿಂದಿನಿಂದ ಸುತ್ತಿಸುವಾಗ ಪಂಚೆಯ ಅಂಚೋ ಪ್ಯಾಂಟಿನ ಕಾಲೋ ಸೀಟಿಗೆ ಸಿಕ್ಕಿಕೊಳ್ಳುತ್ತದೆ, ಇಪ್ಪತ್ತಮೂರು ಕಿಲೋ ಮೈಮೇಲೆ. ಎಪ್ಪತ್ತರ ಸೊಂಟದ ಮೂಳೆಗೆ ಅಷ್ಟು ಸಾಕು. ಆದ್ದರಿಂದ ನಡುವಿನ ಕಂಬಿ ತಗ್ಗಿರುವ ಚೌಕಟ್ಟನ್ನೇ ಕೊಳ್ಳಿ. ಅದು ಹೆಂಗಸರ ಸೈಕಲ್ ಎಂದು ಮೀಸೆ ತಿರುವುವವರಿಗೆ ನಾನು ಮೂಳೆ ಡಾಕ್ಟರ ವಿಳಾಸ ಕೊಡುತ್ತೇನೆ. ಹತ್ತುವ ಮೊದಲು ಮೋಟರು ಆಫ್ ಇರಲಿ, ಎರಡೂ ಬ್ರೇಕು ಹಿಡಿದಿರಲಿ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಕ್ಕನೆ ಒತ್ತಿದರೆ ತಲೆಯ ಮೇಲಿಂದ ಹಾರುತ್ತೀರಿ, ಹಿಂದಿನದನ್ನೇ ನಂಬಿದರೆ ಕೆಂಪು ಜಲ್ಲಿಯಲ್ಲಿ ಬಾಲ ಜಾರುತ್ತದೆ. ಎರಡನ್ನೂ ಮೆಲ್ಲಗೆ, ಬೇಗ ಶುರುಮಾಡಿ, ಸೊಂಟ ಹಿಂದಕ್ಕೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಹೆಲ್ಮೆಟ್ ವಿಷಯದಲ್ಲಿ ಚರ್ಚೆಯೇ ಇಲ್ಲ, ತಲೆಗೆ ಬಿದ್ದ ಸಣ್ಣ ಪೆಟ್ಟೂ ಅವರಿಗೆ ದೊಡ್ಡದು.

ಎದೆ ಬಡಿತದ ಗಡಿಯಾರ ಕಟ್ಟಿಕೊಂಡವರಿಗೆ ಒಂದು ಎಚ್ಚರ. 220ರಲ್ಲಿ ವಯಸ್ಸು ಕಳೆದು ಬಡಿತದ ಗರಿಷ್ಠ ಮಿತಿ ಹೇಳುವ ಲೆಕ್ಕ ಅಂದಾಜಿನದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಅದು ಪೂರಾ ತಪ್ಪು. ಆ ಮಾತ್ರೆ ಬಡಿತವನ್ನು ಏರಲು ಬಿಡುವುದಿಲ್ಲ, ಗಡಿಯಾರ ನೂರು ತೋರಿಸುವಾಗ ನೀವು ಆಗಲೇ ಸುಸ್ತಾಗಿರುತ್ತೀರಿ. ಬಾಯಿಯೇ ಒಳ್ಳೆಯ ಮೀಟರು: ಜೊತೆಯವರೊಂದಿಗೆ ಒಂದು ವಾಕ್ಯ ಪೂರ್ತಿ ಹೇಳಲು ಬಂದರೆ ಸರಿ, ಎರಡು ಪದಕ್ಕೆ ಉಸಿರು ಕಡಿದರೆ ಮೋಟರಿನ ಸಹಾಯ ಒಂದು ಮೆಟ್ಟಿಲು ಏರಿಸಿ, ಹಾಡು ಹೇಳಲು ಬಂದರೆ ಒಂದು ಮೆಟ್ಟಿಲು ಇಳಿಸಿ. ಎದೆಯಲ್ಲಿ ಒತ್ತಡ, ಎಡಗೈ ಸೆಳೆತ, ತಲೆಸುತ್ತು ಬಂದರೆ ಅಲ್ಲೇ ಇಳಿದು ಕೂರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಬೆಲ್ಲದ ಚೂರೋ ಗ್ಲೂಕೋಸ್ ಬಿಸ್ಕೆಟ್ಟೋ ಇರಲಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಮ್ಮ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಇದು ಸಭಾಮರ್ಯಾದೆಗೆ ಹೇಳಿದ ಮಾತಲ್ಲ.

ಹೆಂಗಸರ ಸೈಕಲ್ ಎಂಬ ಮಾತು ಆಗಲೇ ಬಂತು. ನಮ್ಮ ತಮಿಳುನಾಡಿನ ಪುದುಕೋಟೈಯಲ್ಲಿ 1990ರ ದಶಕದ ಶುರುವಿನಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ನಡೆದಾಗ, ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರ ಬೆಂಬಲದಿಂದ ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರು. ಸೀರೆ ಉಟ್ಟು, ಕ್ಯಾರಿಯರಿನಲ್ಲಿ ನೀರಿನ ಕೊಡ ಕಟ್ಟಿಕೊಂಡು. ಆಗ ಮೂವತ್ತರಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಸೈಕಲ್ ತೂಗಿಸುವುದು ಒಮ್ಮೆ ಮೈಗೆ ಬಂದರೆ ಹೋಗುವುದಿಲ್ಲ. ನಮ್ಮ ಸೀಮೆಯಲ್ಲೂ ತಲೆ ಮೇಲೆ ಹುಲ್ಲುಹೊರೆ ಹೊತ್ತು, ಈಗ ಮಕ್ಕಳ ಮನೆಯಲ್ಲಿ ಟಿವಿ ಮುಂದೆ ಕೂತ ತಾಯಂದಿರಿದ್ದಾರೆ. ಅವರನ್ನು ಈ ಮಾತಿನಿಂದ ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ. ಸಂಕೋಚ ಒಂದು ಇದೆ, ಅದನ್ನು ಅವರೇ ಬಿಡಬೇಕು. ಸೊಸೆಯಂದಿರು ನಗಬಾರದು.

ರಾಯಕೋಟೆ ದಾರಿಯ ದಿಣ್ಣೆಗಳಲ್ಲಿ ಬೆಳಗಿನ ಹೊತ್ತು ಒಂದು ನೋಟ ಸಿಗುತ್ತದೆ. ಹಳೆಯ ಕಪ್ಪು ಸೈಕಲ್ಲು, ಎರಡೂ ಕಡೆ ಜೋತುಬಿದ್ದ ಹಾಲಿನ ಕ್ಯಾನು, ಎಪ್ಪತ್ತರ ಮುದುಕರೊಬ್ಬರು ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟಿನ ಬುಡ ಹಿಡಿದು, ಮುಂಗಾಲಿನ ಮೇಲೆ ಭಾರ ಹಾಕಿ ತಳ್ಳುತ್ತಿರುತ್ತಾರೆ. ದಿಣ್ಣೆಯ ನೆತ್ತಿಗೆ ಬಂದ ಮೇಲೆ ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಇನ್ನೊಂದರಲ್ಲಿ ನೆಲಕ್ಕೆ ಎರಡು ಸಲ ಒದ್ದು, ಕಾಲು ಬೀಸಿ ಕೂತುಬಿಡುತ್ತಾರೆ. ಅವರಿಗೆ ನನ್ನ ಉಪನ್ಯಾಸ ಬೇಕಾಗಿಲ್ಲ. ಬೇಕಾದದ್ದು ಹಾಲಿಗೆ ಒಳ್ಳೆಯ ರೇಟು, ಬಹುಶಃ ಆ ದಿಣ್ಣೆಯಲ್ಲಿ ಮೋಟರಿನ ಒಂದು ತಳ್ಳು. ಸೈಕಲ್ ವ್ಯಾಯಾಮವಾಗಿ ಬೇಕಾಗುವುದು ಮೈಮುರಿಯುವ ಕೆಲಸದಿಂದ ಬಿಡುಗಡೆ ಸಿಕ್ಕವರಿಗೆ, ನಮ್ಮಂಥವರಿಗೆ.

ಖರ್ಚಿನ ಬಗ್ಗೆ ಎರಡು ಮಾತು. ವಿದೇಶಿ ಇ-ಮೌಂಟನ್ ಬೈಕು ಹಲವು ಲಕ್ಷ. ಅದು ಬೇಡ. ಬೆಟ್ಟದಿಂದ ಧುಮುಕುವ ಹುಡುಗರಿಗೆಂದು ಮಾಡಿದ ಸಸ್ಪೆನ್ಷನ್ನು ನಮ್ಮ ಬಂಡಿದಾರಿಗೆ ದಂಡ. ದಪ್ಪ ಟೈರು, ಎರಡೂ ಕಡೆ ಡಿಸ್ಕ್ ಬ್ರೇಕು, ಟಾರ್ಕ್ ಸೆನ್ಸರು, ತಗ್ಗಿದ ಚೌಕಟ್ಟು ಇದ್ದರೆ ಸಾಕು. ಟೈರಿಗೆ ಗಾಳಿಯನ್ನು ಕಲ್ಲಿನಂತೆ ತುಂಬಿಸಬೇಡಿ, ಮಣ್ಣಿಗೆ ಸ್ವಲ್ಪ ಮೆತ್ತಗಿದ್ದರೇ ಹಿಡಿತ. ಕೊಳ್ಳುವ ಮೊದಲು ನಾಲ್ಕು ಮನೆಯವರು ಸೇರಿ ಒಂದು ತಂದು, ಸರದಿಯ ಮೇಲೆ ಓಡಿಸಿ ನೋಡುವುದು ಜಾಣತನ. ಸಂಘದ ಅಧ್ಯಕ್ಷರು ಇಲ್ಲೇ ಇದ್ದಾರೆ: ಇಂಥ ಎರಡು ಗಾಡಿಯನ್ನು ಕಚೇರಿಯಲ್ಲಿಟ್ಟು, ಗ್ರಂಥಾಲಯದ ಪುಸ್ತಕದ ಹಾಗೆ ರಿಜಿಸ್ಟರಿನಲ್ಲಿ ಬರೆಸಿ ಹಿರಿಯರಿಗೆ ಕೊಡಲಾಗುವುದಿಲ್ಲವೆ? ನನ್ನ ಗೌರವಧನವನ್ನು ಅದಕ್ಕೇ ಹಿಡಿದುಕೊಳ್ಳಿ.

ಎಲ್ಲಿ ಓಡಿಸಬೇಕು ಎಂಬುದು ಉಳಿಯಿತು. ಹೆದ್ದಾರಿ ಖಂಡಿತ ಬೇಡ. ಲಾರಿಗಳ ನಡುವೆ ಇಪ್ಪತ್ತು ಕಿಲೋಮೀಟರ್ ವೇಗದ ಮುದುಕರಿಗೆ ಜಾಗವಿಲ್ಲ. ಮೊದಲ ಎರಡು ವಾರ ರಾಮನಾಯಕನ ಕೆರೆ ಸುತ್ತ, ಬೆಳಿಗ್ಗೆ, ಸಹಾಯವನ್ನು ಹೆಚ್ಚಿಗೆ ಇಟ್ಟುಕೊಂಡು. ಆಮೇಲೆ ಮತ್ತಿಗಿರಿ ಕಡೆ, 1824ರಿಂದ ಇರುವ ಜಾನುವಾರು ಫಾರಂ ಅಂಚಿನ ನೆರಳಿನ ದಾರಿ. ಕಾಲು ಗಟ್ಟಿಯಾದ ಮೇಲೆ ಬಾಗಲೂರು, ಬೇರಿಕೆ ನಡುವಿನ ಹಳ್ಳಿದಾರಿಗಳು. ಗುಲಾಬಿ ತೋಟ, ಟೊಮೇಟೊ ಹೊಲ, ಮಾತಾಡಿಸುವ ಜನ. ಕೃಷ್ಣಗಿರಿ, ಬರಗೂರು ಕಡೆಯವರಿಗೆ ಮಾವಿನ ತೋಪಿನ ದಾರಿಗಳಿವೆ, ಆದರೆ ಏಪ್ರಿಲ್, ಮೇನಲ್ಲಿ ಎಂಟು ಗಂಟೆಗೆ ಮೊದಲೇ ಮನೆ ಸೇರಿರಬೇಕು, ಅಲ್ಲಿಯ ಬಿಸಿಲು ಹೊಸೂರಿನದಲ್ಲ. ತಳಿ, ಜವಳಗಿರಿ, ಅಂಚೆಟ್ಟಿ ಕಡೆಯ ಏರಿಳಿತ ಎಲ್ಲಕ್ಕಿಂತ ಚೆಂದ, ಅಲ್ಲಿನ ಕಾಡಿನ ಬಹುಭಾಗ ಈಗ 2014ರಲ್ಲಿ ಘೋಷಿಸಿದ ಕಾವೇರಿ ಉತ್ತರ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿ ಹಿಡಿಯಬಾರದು. ಮೋಟರಿನ ಸದ್ದು ಇಲ್ಲದ್ದರಿಂದ ನೀವು ಬರುವುದು ಆನೆಗೆ ತಿಳಿಯದು, ತಿರುವಿನಲ್ಲಿ ಅದಿರುವುದು ನಿಮಗೂ ತಿಳಿಯದು. ಬನ್ನೇರುಘಟ್ಟದ ಕಡೆಯಿಂದ ಹಿಂಡು ಇಳಿದು ಸಾನಮಾವು ಕಾಡಿನವರೆಗೂ ಬರುವುದು ರಾಗಿ ತೆನೆ ಕಟ್ಟಿದ ಮೇಲೆ. ಆ ತಿಂಗಳುಗಳಲ್ಲಿ ಆ ಕಡೆಯ ಹಾದಿಯನ್ನು ಬಿಟ್ಟು ಕೆರೆ ಸುತ್ತಲೇ ತುಳಿಯಿರಿ, ಹೊಲದ ರಾಗಿ ಕಣ ಸೇರಿದ ಮೇಲೆ ತಳಿಗೆ ಹೋಗೋಣ.